ಕಪಾಟು ಬಿಚ್ಚಲೂ ಜಾಗ ಬೇಕು

ನಮ್ಮ ಬೀದಿಯ ಹುಡುಗಿಯೊಬ್ಬಳು ಈ ವರ್ಷ ಬಿಸಿಎಗೆ ಸೇರಿದ್ದಾಳೆ. ಅಪ್ಪ ಕೊಡಿಸಿದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಎತ್ತಿಕೊಂಡು ಒಂದು ಭಾನುವಾರ ಮನೆಗೆ ಬಂದಳು. ಹನ್ನೊಂದು ಇಂಚಿನ ಪರದೆ, 4 ಜಿಬಿ ರ‍್ಯಾಮ್, 32 ಜಿಬಿ ಡಿಸ್ಕ್, ವಿಂಡೋಸ್ 10. ಕಾಲೇಜಿನಲ್ಲಿ ನಾಲ್ಕು ತಂತ್ರಾಂಶಗಳ ಪಟ್ಟಿ ಕೊಟ್ಟಿದ್ದರು. ಮೊದಲನೆಯದೇ ಇನ್‌ಸ್ಟಾಲ್ ಆಗುತ್ತಿರಲಿಲ್ಲ. ಅದಕ್ಕೆ ಒಂದೂವರೆ ಜಿಬಿ ಜಾಗ ಸಾಕು ಎಂದು ಬರೆದಿತ್ತು, ಇವಳ ಸಿ ಡ್ರೈವ್‌ನಲ್ಲಿ 1.9 ಜಿಬಿ ಖಾಲಿ ಇತ್ತು. ಆದರೂ ಅರ್ಧ ದಾರಿಯಲ್ಲಿ ನಿಂತು, ಜಾಗ ಸಾಲದು ಎಂದುಬಿಟ್ಟಿತು. ಆಮೇಲೆ ನೋಡಿದರೆ ಖಾಲಿ ಜಾಗ 400 ಎಂಬಿಗೆ ಇಳಿದಿತ್ತು.

‘ಇನ್‌ಸ್ಟಾಲೂ ಆಗ್ಲಿಲ್ಲ, ಇದ್ದ ಜಾಗಾನೂ ಹೋಯ್ತು. ಎಲ್ಲಿಗೆ ಹೋಯ್ತು ಅದು?’ ಎಂದು ಕೇಳಿದಳು. ತಾನೇ ಏನೋ ಕೆಡಿಸಿಬಿಟ್ಟೆ ಎಂಬ ಅಂಜಿಕೆ ಮುಖದಲ್ಲಿತ್ತು. ಅವಳು ಏನನ್ನೂ ಕೆಡಿಸಿರಲಿಲ್ಲ. ಅವಳ ಪ್ರಶ್ನೆ ಮಾತ್ರ ತುಂಬ ಒಳ್ಳೆಯದು, ಅದಕ್ಕೆ ಸರಿಯಾಗಿ ಉತ್ತರ ಹೇಳಬೇಕು ಅನ್ನಿಸಿತು.

ಈಗೆಲ್ಲ ಕಪಾಟು ಬಿಡಿ ಹಲಗೆಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಕಪಾಟು ನಿಲ್ಲುವ ಮೂಲೆ ಎರಡೂವರೆ ಅಡಿ ಇದ್ದರೆ ಸಾಕು. ಆದರೆ ಮೊದಲು ಪೆಟ್ಟಿಗೆ ಒಳಗೆ ಬರಬೇಕು, ಆಮೇಲೆ ಹಲಗೆಗಳನ್ನು ನಡುಮನೆಯ ತುಂಬ ಹರಡಬೇಕು, ಒಂದೊಂದಾಗಿ ಜೋಡಿಸಿ ಮೂಲೆಗೆ ಒಯ್ದು ನಿಲ್ಲಿಸಬೇಕು. ಆ ಒಂದು ಗಂಟೆ ಪೆಟ್ಟಿಗೆಗೂ ಹಲಗೆಗೂ ಎದ್ದು ನಿಲ್ಲುತ್ತಿರುವ ಕಪಾಟಿಗೂ ಒಟ್ಟೊಟ್ಟಿಗೆ ಜಾಗ ಬೇಕು. ತಂತ್ರಾಂಶದ ಕಥೆಯೂ ಇದೇ. ಡೌನ್‌ಲೋಡ್ ಆಗಿ ಬರುವುದು ಒತ್ತಿ ಕಟ್ಟಿದ ಗಂಟು. ಇನ್‌ಸ್ಟಾಲರ್ ಅದನ್ನು ಟೆಂಪ್ ಎಂಬ ಫೋಲ್ಡರಿನಲ್ಲಿ ಬಿಚ್ಚಿ ಹರಡುತ್ತದೆ, ಅಲ್ಲಿಂದ ಪ್ರೋಗ್ರಾಮ್ ಫೈಲ್ಸ್‌ಗೆ ನಕಲು ಮಾಡುತ್ತದೆ. ಎಷ್ಟೋ ತಂತ್ರಾಂಶಗಳು ಮುಂದೆ ರಿಪೇರಿಗೋ ತೆಗೆದುಹಾಕುವುದಕ್ಕೋ ಬೇಕಾದೀತೆಂದು ಇನ್‌ಸ್ಟಾಲರಿನ ಒಂದು ಪ್ರತಿಯನ್ನು ವಿಂಡೋಸ್ ಫೋಲ್ಡರಿನೊಳಗೆ ಇಟ್ಟುಕೊಳ್ಳುವುದೂ ಉಂಟು. ‘ಬೇಕಾದ ಜಾಗ ಒಂದೂವರೆ ಜಿಬಿ’ ಎಂದು ಬರೆದಿದ್ದರೆ ಅದು ಮೂಲೆಯಲ್ಲಿ ನಿಂತ ಕಪಾಟಿನ ಅಳತೆ. ನಡುಮನೆಯ ಅಳತೆಯನ್ನು ಅಲ್ಲಿ ಯಾರೂ ಬರೆದಿರುವುದಿಲ್ಲ.

ಕೆಲಸ ಅರ್ಧಕ್ಕೆ ನಿಂತಾಗ ಹಲಗೆಗಳು ನಡುಮನೆಯಲ್ಲೇ ಉಳಿದವು. ಅವಳ ಜಾಗ ಹೋದದ್ದು ಅಲ್ಲಿಗೆ. ಟೆಂಪ್ ಫೋಲ್ಡರಿನಲ್ಲಿ ಸುಮಾರು ಒಂದೂವರೆ ಜಿಬಿ ಅರೆಬರೆ ಫೈಲುಗಳು ಬಿದ್ದಿದ್ದವು. ಅಳಿಸಿದೆವು. ಲ್ಯಾಪ್‌ಟಾಪಿನ ಪಕ್ಕದಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿನ ಕಿಂಡಿ ಇತ್ತು. ಅದಕ್ಕೆ 64 ಜಿಬಿಯ ಕಾರ್ಡೊಂದನ್ನು ಹಾಕಿ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದೆವು. ಡೌನ್‌ಲೋಡ್ ಆದ ಫೈಲನ್ನು ಅಲ್ಲಿಗೆ ಸಾಗಿಸಿದೆವು. ಸಿಸ್ಟಮ್ ಸೆಟ್ಟಿಂಗಿನ ‘ಎನ್ವಿರಾನ್ಮೆಂಟ್ ವೇರಿಯಬಲ್ಸ್’ ತೆರೆದು ಟೆಂಪ್, ಟಿಎಂಪಿ ಎಂಬ ಎರಡು ಹೆಸರುಗಳ ಮುಂದೆ ಕಾರ್ಡಿನ ಫೋಲ್ಡರನ್ನು ಬರೆದೆವು. ಅಂದರೆ ಹಲಗೆ ಹರಡುವ ಕೆಲಸವನ್ನು ಅಂಗಳಕ್ಕೆ ಕಳಿಸಿದೆವು. ಎರಡನೆಯ ಸಲ ತಂತ್ರಾಂಶ ತಕರಾರಿಲ್ಲದೆ ಕೂತಿತು. ಕೆಲಸ ಮುಗಿದ ಮೇಲೆ ಆ ಎರಡು ಹೆಸರುಗಳನ್ನು ಮೊದಲಿದ್ದ ಹಾಗೆ ಬದಲಿಸಿದೆವು. ಇದನ್ನು ಮರೆಯಬಾರದು, ಏಕೆಂದರೆ ಕಾರ್ಡು ಹೊರಗೆ ತೆಗೆದ ದಿನ ಟೆಂಪ್ ಫೋಲ್ಡರ್ ಸಿಗದೆ ಬೇರೆ ತಂತ್ರಾಂಶಗಳು ತಡವರಿಸುತ್ತವೆ.

ಚಿಕ್ಕ ಡಿಸ್ಕಿನವರು ಯಾವುದನ್ನೇ ಹಾಕುವ ಮುನ್ನ ಮೂರು ಅಳತೆ ಕೇಳಿಕೊಳ್ಳಬೇಕು: ಗಂಟು ಎಷ್ಟು, ಬಿಚ್ಚಿದಾಗ ಎಷ್ಟು, ಕೊನೆಗೆ ಉಳಿಯುವುದು ಎಷ್ಟು. ಮೂರೂ ಗೊತ್ತಾಗದಿದ್ದರೆ ಬರೆದಿರುವ ಸಂಖ್ಯೆಯ ಮೂರು ಪಟ್ಟು ಖಾಲಿ ಇರಲಿ. ಇದು ನನ್ನ ಅನುಭವದ ಅಂದಾಜು ಲೆಕ್ಕ, ಇದುವರೆಗೆ ಕೈಕೊಟ್ಟಿಲ್ಲ.

ಅಲ್ಲಿಗೆ ಒಂದು ತಂತ್ರಾಂಶ ಮುಗಿಯಿತು, ಪಟ್ಟಿಯಲ್ಲಿ ಇನ್ನೂ ಮೂರು ಇದ್ದವು. 32 ಜಿಬಿ ಎಂದು ಹೇಳಿ ಮಾರಿದ ಯಂತ್ರದಲ್ಲಿ ಎರಡು ಜಿಬಿಯೂ ಉಳಿದಿಲ್ಲ ಅಂದರೆ ಏನರ್ಥ ಎಂದು ಅವಳು ಮತ್ತೆ ಕೇಳಿದಳು. ನಮ್ಮ ಹಿರಿಯರಿಗೆ ಕಚ್ಚಾ ಸೇರು, ಪಕ್ಕಾ ಸೇರು ಎರಡೂ ಗೊತ್ತಿದ್ದವು. ಸೇರು ಎಂಬ ಹೆಸರು ಒಂದೇ, ತೂಕ ಬೇರೆ. ಜಿಬಿಯಲ್ಲೂ ಹಾಗೆ ಎರಡಿವೆ. ಡಿಸ್ಕ್ ಮಾರುವವರಿಗೆ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ 1024ರ ಗುಣಕದಲ್ಲಿ ಎಣಿಸುವುದರಿಂದ ಅದರ ಒಂದು ಜಿಬಿಗೆ 107 ಕೋಟಿಗೂ ಹೆಚ್ಚು ಬೈಟ್ ಬೇಕು. ಹೀಗಾಗಿ ಪೆಟ್ಟಿಗೆಯ ಮೇಲಿನ 32 ತೆರೆಯ ಮೇಲೆ 29.8ಕ್ಕೆ ಇಳಿಯುತ್ತದೆ. ಅದರಲ್ಲಿ ಯಂತ್ರ ಶುರುವಾಗಲು, ಕೆಟ್ಟರೆ ಚೇತರಿಸಿಕೊಳ್ಳಲು ಬೇಕಾದ ಸಣ್ಣ ವಿಭಾಗಗಳು ಹೋಗುತ್ತವೆ. ಅವಳ ಯಂತ್ರದಲ್ಲಿ ವಿಂಡೋಸ್ ಫೋಲ್ಡರೊಂದೇ 17 ಜಿಬಿ ಇತ್ತು. ರ‍್ಯಾಮ್ ಸಾಲದಾದಾಗ ಬಳಸುವ ಪೇಜ್ ಫೈಲ್ ಎರಡು ಜಿಬಿ, ಹೈಬರ್ನೇಟ್ ಮಾಡಲು ಮೀಸಲಾದ ಫೈಲ್ 1.6 ಜಿಬಿ. ಅವಳದೆಂದು ಹೇಳಬಹುದಾದ ನೋಟ್ಸು, ಫೋಟೊ, ಹಾಡು ಎಲ್ಲ ಸೇರಿ ಎರಡೂವರೆ ಜಿಬಿ ಮಾತ್ರ.

ಮನೆಯ ಯಜಮಾನಿಗೆ ಮೂಲೆಯ ಕೋಣೆ, ಉಳಿದದ್ದೆಲ್ಲ ಮನೆಯ ಗೋಡೆಗೇ ಆಯಿತು ಎಂಬಂಥ ಈ ಸ್ಥಿತಿ ಹೇಗೆ ಬಂತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

2007ರಲ್ಲಿ ತೈವಾನಿನ ಏಸಸ್ ಕಂಪನಿ ‘ಈ ಪಿಸಿ 701’ ಎಂಬ ಪುಟ್ಟ ಲ್ಯಾಪ್‌ಟಾಪ್ ತಂದಿತು. ಏಳು ಇಂಚಿನ ಪರದೆ, ತಿರುಗುವ ಹಾರ್ಡ್ ಡಿಸ್ಕಿನ ಬದಲು 4 ಜಿಬಿಯ ಫ್ಲ್ಯಾಶ್ ಸಂಗ್ರಹ, ಒಳಗೆ ಲಿನಕ್ಸ್. ನೆಟ್‌ಬುಕ್ ಎಂಬ ಜಾತಿಯೇ ಅಲ್ಲಿಂದ ಬೆಳೆಯಿತು. ಅದರ ಡಿಸ್ಕನ್ನು ಮುಖ್ಯವಾಗಿ ಎರಡು ಪದರ ಮಾಡಿದ್ದರು. ಕೆಳಗಿನದು ಕಾರ್ಖಾನೆಯಿಂದ ಬಂದ ವ್ಯವಸ್ಥೆ, ಅದನ್ನು ಓದಬಹುದು, ತಿದ್ದುವಂತಿಲ್ಲ. ಮೇಲಿನದು ಬಳಸುವವರ ಪದರ, ಬದಲಾವಣೆಯೆಲ್ಲ ಅಲ್ಲೇ. ಏನಾದರೂ ಕೆಟ್ಟರೆ ಮೇಲಿನ ಪದರ ಅಳಿಸಿದರಾಯಿತು, ಯಂತ್ರ ಹೊಸದಾಗುತ್ತಿತ್ತು. ಕಂಪ್ಯೂಟರ್ ಅರಿಯದವರಿಗೆ ಇದು ದೊಡ್ಡ ಅನುಕೂಲ. ಆದರೆ ಬೇಡವಾದ ತಂತ್ರಾಂಶವೊಂದನ್ನು ತೆಗೆದರೆ ಅದು ಕಣ್ಣಿಗೆ ಮರೆಯಾಗುತ್ತಿತ್ತೇ ಹೊರತು ಜಾಗ ಬಿಟ್ಟುಕೊಡುತ್ತಿರಲಿಲ್ಲ. ಹೊಸ ಆವೃತ್ತಿ ಬಂದರೆ ಅದು ಮೇಲಿನ ಪದರದಲ್ಲಿ ಕೂರುತ್ತಿತ್ತು, ಹಳೆಯದು ಕೆಳಗೆ ಹಾಗೇ ಇರುತ್ತಿತ್ತು. ಒಂದೇ ತಂತ್ರಾಂಶಕ್ಕೆ ಎರಡು ಸಲ ಜಾಗದ ಬಾಡಿಗೆ.

ಏಳು ವರ್ಷದ ಮೇಲೆ ಮೈಕ್ರೋಸಾಫ್ಟ್ ಹೆಚ್ಚುಕಡಿಮೆ ಅದೇ ದಾರಿಗೆ ಬಂತು. 2014ರ ವಿಂಡೋಸ್ 8.1 ಅಪ್‌ಡೇಟಿನಲ್ಲಿ ವಿಮ್‌ಬೂಟ್ ಎಂಬ ಏರ್ಪಾಡು ಇತ್ತು. ವಿಂಡೋಸನ್ನು ಒತ್ತಿ ಒಂದೇ ದೊಡ್ಡ ಕಡತವಾಗಿ ಬೇರೆ ವಿಭಾಗದಲ್ಲಿ ಇಡುವುದು, ಸಿ ಡ್ರೈವ್‌ನಲ್ಲಿ ಆ ಕಡತದತ್ತ ಬೆರಳು ತೋರಿಸುವ ಗುರುತುಗಳನ್ನಷ್ಟೇ ಇಡುವುದು. ಅದೇ ಕಡತ ರಿಕವರಿಗೂ ಆಗುತ್ತಿತ್ತು. ಹೊಸ ಯಂತ್ರದಲ್ಲಿ ಜಾಗ ಚೆನ್ನಾಗಿ ಉಳಿಯುತ್ತಿತ್ತು, ಅಂಗಡಿಯಲ್ಲಿ ನೋಡಿದವರಿಗೆ ಸಾಕಷ್ಟು ಖಾಲಿ ಕಾಣುತ್ತಿತ್ತು. 32 ಜಿಬಿಯ ಅಗ್ಗದ ಲ್ಯಾಪ್‌ಟಾಪುಗಳು ಮಾರುಕಟ್ಟೆಗೆ ದಂಡಿಯಾಗಿ ಬಂದದ್ದು ಆ ಹೊತ್ತಿಗೇ. ಎಚ್‌ಪಿಯ ಸ್ಟ್ರೀಮ್ 11 ಅಮೆರಿಕದಲ್ಲಿ 199 ಡಾಲರಿಗೆ ಸಿಗುತ್ತಿತ್ತು. ಆದರೆ ಅಪ್‌ಡೇಟ್ ಬಂದಂತೆಲ್ಲ ಗುರುತಿನ ಜಾಗದಲ್ಲಿ ನಿಜವಾದ ಫೈಲು ಬಂದು ಸಿ ಡ್ರೈವ್‌ನಲ್ಲಿ ಕೂರುತ್ತಿತ್ತು, ಆ ಕಡೆ ದೊಡ್ಡ ಕಡತ ಒಂದಿಷ್ಟೂ ಕರಗುತ್ತಿರಲಿಲ್ಲ. ಕಂಪ್ಯೂಟರನ್ನು ಸುರಕ್ಷಿತವಾಗಿಡಲು ಪ್ರತಿ ತಿಂಗಳು ಅಪ್‌ಡೇಟ್ ಮಾಡಿದವರ ಜಾಗವೇ ಮೊದಲು ಮುಗಿಯಿತು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

2015ರ ವಿಂಡೋಸ್ 10ರಲ್ಲಿ ಈ ತಪ್ಪನ್ನು ತಿದ್ದಿದರು. ಕಾಂಪ್ಯಾಕ್ಟ್ ಓಎಸ್ ಎಂಬ ಹೊಸ ವಿಧಾನದಲ್ಲಿ ಫೈಲುಗಳನ್ನು ಬಿಡಿಬಿಡಿಯಾಗಿ ಒತ್ತುತ್ತಾರೆ, ಅಪ್‌ಡೇಟ್ ಬಂದರೆ ಹಳೆಯದರ ಜಾಗದಲ್ಲೇ ಹೊಸದನ್ನು ಇಡಬಹುದು. 64 ಬಿಟ್ ವಿಂಡೋಸಿನಲ್ಲಿ ಇದರಿಂದ ಸುಮಾರು 2.6 ಜಿಬಿ ಉಳಿಯುತ್ತದೆ ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತ್ತು. ರಿಕವರಿಗೆಂದು ಪ್ರತ್ಯೇಕ ಕಡತ ಇಡುವುದನ್ನೂ ಬಿಟ್ಟರು, ಅದರಿಂದ ಇನ್ನೂ ಹಲವು ಜಿಬಿ ಉಳಿಯಿತು. ಒಳ್ಳೆಯ ಕೆಲಸ. ಆದರೆ ವಿಂಡೋಸ್ 10 ಬಂದಾಗ 64 ಬಿಟ್ ಆವೃತ್ತಿಗೆ 20 ಜಿಬಿ ಸಾಕು ಎಂದಿದ್ದ ಕನಿಷ್ಠ ಮಿತಿ 2019ರ ಮೇ ಆವೃತ್ತಿಯ ಹೊತ್ತಿಗೆ ಹೊಸ ಯಂತ್ರಗಳಿಗೆ 32ಕ್ಕೆ ಏರಿತು. ಆ ಆವೃತ್ತಿಯಿಂದ ಹೊಸ ಯಂತ್ರಗಳಲ್ಲಿ ಅಪ್‌ಡೇಟಿಗೆಂದೇ ಸುಮಾರು 7 ಜಿಬಿ ಮೀಸಲಿಡುವ ಪದ್ಧತಿಯೂ ಬಂತು. ನಡುಮನೆಯನ್ನು ಖಾಲಿ ಇಟ್ಟುಕೊಳ್ಳುವ ಜಾಣತನವದು, 256 ಜಿಬಿ ಇರುವವರಿಗೆ ಗೊತ್ತೂ ಆಗುವುದಿಲ್ಲ. 32 ಜಿಬಿ ಇರುವ ಮನೆಯಲ್ಲಿ ಅಷ್ಟು ದೊಡ್ಡ ನಡುಮನೆ ಬಿಟ್ಟರೆ ಮಲಗುವುದೆಲ್ಲಿ?

ಇನ್ನು, ಇರುವ ಯಂತ್ರದಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು. ಮೊದಲು ಮುಟ್ಟಬಾರದ್ದನ್ನು ಹೇಳುತ್ತೇನೆ, ಏಕೆಂದರೆ ಜಾಗದ ಹಸಿವಿನಲ್ಲಿ ಯಂತ್ರವನ್ನೇ ಹಾಳು ಮಾಡಿಕೊಂಡವರನ್ನು ಕಂಡಿದ್ದೇನೆ. ವಿಂಡೋಸ್ ಫೋಲ್ಡರಿನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿದೆ. ಎಂಟು ಹತ್ತು ಜಿಬಿ ತೋರಿಸಿ ಎಂಥವರನ್ನೂ ಗಾಬರಿಗೊಳಿಸುತ್ತದೆ. ಅದರಲ್ಲಿರುವ ಬಹಳಷ್ಟು ಫೈಲುಗಳು ಬೇರೆ ಕಡೆಯೂ ಇನ್ನೊಂದು ಹೆಸರಿನಲ್ಲಿ ಕಾಣುವ ಅದೇ ಫೈಲುಗಳು. ಒಬ್ಬರ ಹೆಸರು ರೇಷನ್ ಕಾರ್ಡಿನಲ್ಲೂ ಮತದಾರರ ಪಟ್ಟಿಯಲ್ಲೂ ಇದೆಯೆಂದು ಊರಿನಲ್ಲಿ ಇಬ್ಬರಿದ್ದಾರೆ ಎಂದು ಎಣಿಸಿದಂತೆ, ಫೋಲ್ಡರಿನ ಗಾತ್ರ ನೋಡುವಾಗ ಅವು ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಕೈಯಾರೆ ಅಳಿಸಿದರೆ ಜಾಗವೂ ಸಿಗುವುದಿಲ್ಲ, ವಿಂಡೋಸೂ ಏಳುವುದಿಲ್ಲ. ಪಕ್ಕದಲ್ಲೇ ಇರುವ ಇನ್‌ಸ್ಟಾಲರ್ ಎಂಬ ಫೋಲ್ಡರನ್ನೂ ಮುಟ್ಟಬೇಡಿ, ಮುಂದೆ ತಂತ್ರಾಂಶಗಳನ್ನು ತೆಗೆಯಲೂ ಆಗದ ಸ್ಥಿತಿ ಬರುತ್ತದೆ. ಅಕ್ಷರಶೈಲಿಗಳನ್ನು ಅಳಿಸುವವರೂ ಇದ್ದಾರೆ. ಕನ್ನಡದ ಒಂದು ಫಾಂಟ್ ಒಂದು ಫೋಟೊಗಿಂತ ಹಗುರ. ವಿಂಡೋಸ್ 10ರಲ್ಲಿ ಕನ್ನಡಕ್ಕೆ ನಿರ್ಮಲಾ ಮೊದಲೇ ಇರುತ್ತದೆ, ಹಳೆಯ ತುಂಗಾ ಬೇಕಾದವರು ಮಾತ್ರ ‘ಆಪ್ಷನಲ್ ಫೀಚರ್ಸ್’ನಿಂದ ಹಾಕಿಕೊಳ್ಳಬಹುದು. ಜಾಗದ ನೆಪದಲ್ಲಿ ಕನ್ನಡವನ್ನು ಯಂತ್ರದಿಂದ ಹೊರಗೆ ಹಾಕಬೇಡಿ.

ಮುಟ್ಟಬಹುದಾದದ್ದು: ಡಿಸ್ಕ್ ಕ್ಲೀನಪ್ ತೆರೆದು ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿ. ಅಪ್‌ಡೇಟ್‌ಗಳ ಹಳೆಯ ಪ್ರತಿಗಳು ಅಲ್ಲಿ ಹೊರಬೀಳುತ್ತವೆ, ವಿನ್‌ಎಸ್‌ಎಕ್ಸ್‌ಎಸ್‌ನೊಳಗಿನ ನಿಜವಾದ ಕಸವನ್ನೂ ಅದೇ ಗುರುತಿಸುತ್ತದೆ. ದೊಡ್ಡ ಅಪ್‌ಡೇಟಿನ ಮೇಲೆ ಹಿಂದಿನ ವಿಂಡೋಸ್ ಹತ್ತು ದಿನ ಹಾಗೇ ಉಳಿದಿರುತ್ತದೆ, ಹೊಸದು ಸರಿಯಾಗಿ ನಡೆಯುತ್ತಿದ್ದರೆ ಅಷ್ಟು ದಿನ ಕಾಯಬೇಕಿಲ್ಲ. ಹೈಬರ್ನೇಟ್ ಬಳಸದವರು ಅದನ್ನು ನಿಲ್ಲಿಸಿದರೆ ರ‍್ಯಾಮಿನ ಸುಮಾರು ಶೇ. 40ರಷ್ಟು ಜಾಗ ತಕ್ಷಣ ಸಿಗುತ್ತದೆ, ಯಂತ್ರ ಶುರುವಾಗುವುದು ಮಾತ್ರ ಕೊಂಚ ನಿಧಾನವಾಗುತ್ತದೆ. ನಾವು ಇಷ್ಟನ್ನೂ ಮಾಡಿ, ಫೋಟೊ ಹಾಡುಗಳನ್ನು ಕಾರ್ಡಿಗೆ ಸಾಗಿಸಿದ ಮೇಲೆ ಸಿ ಡ್ರೈವ್‌ನಲ್ಲಿ ಆರು ಜಿಬಿ ಹತ್ತಿರ ಖಾಲಿಯಾಯಿತು. ಅದನ್ನೂ ಪೂರ್ತಿ ತುಂಬಬಾರದು. ಫ್ಲ್ಯಾಶ್ ಸಂಗ್ರಹದಲ್ಲಿ ಬರೆದದ್ದರ ಮೇಲೆ ನೇರವಾಗಿ ತಿದ್ದಿ ಬರೆಯಲು ಆಗುವುದಿಲ್ಲ, ಒಂದು ದೊಡ್ಡ ತುಂಡನ್ನೇ ಅಳಿಸಿ ಮತ್ತೆ ಬರೆಯಬೇಕು. ಖಾಲಿ ತುಂಡು ಸಿಗದಿದ್ದರೆ ಇದ್ದದ್ದನ್ನು ಅತ್ತಿತ್ತ ಸಾಗಿಸುವುದೇ ಅದಕ್ಕೊಂದು ಕೆಲಸವಾಗಿ ಯಂತ್ರ ತೆವಳತೊಡಗುತ್ತದೆ. ಇಂಥ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇಎಂಎಂಸಿ ಎಂಬ ಈ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬಿಚ್ಚಿ ದೊಡ್ಡದು ಹಾಕುವಂತಿಲ್ಲ.

ಉಳಿದ ಮೂರು ತಂತ್ರಾಂಶಗಳ ಹೆಸರು ಓದಿದಾಗ ಎದೆ ಧಸಕ್ಕೆಂದಿತು. ಎರಡನೆಯದು ವಿಷುಯಲ್ ಸ್ಟುಡಿಯೊ. ಸಾಮಾನ್ಯ ಬಳಕೆಗೆ ಅದು 20ರಿಂದ 50 ಜಿಬಿ ಬೇಡುತ್ತದೆ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ, ಎಲ್ಲ ಅಂಗಗಳನ್ನೂ ಹಾಕಿದರೆ 210 ಜಿಬಿವರೆಗೆ. ಅವಳ ಪಠ್ಯ ನೋಡಿದೆ. ಮೊದಲ ಸೆಮಿಸ್ಟರಿನಲ್ಲಿ ಇರುವುದು ಸಿ ಭಾಷೆ. ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮುಗಳು, ಅವಿಭಾಜ್ಯ ಸಂಖ್ಯೆ ಹುಡುಕುವುದು, ಮ್ಯಾಟ್ರಿಕ್ಸ್ ಗುಣಿಸುವುದು. ಇದಕ್ಕೆ ಜಿಸಿಸಿ ಎಂಬ ಉಚಿತ ಕಂಪೈಲರ್ ಸಾಕು, ಕೆಲವು ನೂರು ಎಂಬಿಯಲ್ಲಿ ಮುಗಿಯುತ್ತದೆ. ಬರೆಯಲು ವಿಷುಯಲ್ ಸ್ಟುಡಿಯೊ ಕೋಡ್ ಎಂಬ ಸಂಪಾದಕವಿದೆ, ಅದು ಡಿಸ್ಕಿನಲ್ಲಿ 500 ಎಂಬಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಪಟ್ಟಿ ಮಾಡಿದವರ ಮನಸ್ಸಿನಲ್ಲಿದ್ದದ್ದೂ ಅದೇ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ‘ಕೋಡ್’ ಎಂಬ ಒಂದು ಪದ ಬಿಟ್ಟುಹೋಗಿತ್ತು. ಆ ಒಂದು ಪದದ ತೂಕ ಹತ್ತಾರು ಜಿಬಿ. ಎಷ್ಟು ಮಕ್ಕಳು ಆ ಪಟ್ಟಿ ಹಿಡಿದು, ತಮ್ಮ ಲ್ಯಾಪ್‌ಟಾಪ್ ಕೆಲಸಕ್ಕೆ ಬಾರದ್ದೆಂದು ಮನೆಯಲ್ಲಿ ಅಪ್ಪನ ಮುಂದೆ ಹೇಳಲಾರದೆ ಕೂತಿದ್ದಾರೋ ಎಂದು ಯೋಚಿಸಿ ಸಂಕಟವಾಯಿತು.

ಇಷ್ಟಾದರೂ ಆ ಯಂತ್ರಕ್ಕೆ ವಿಂಡೋಸ್‌ನಲ್ಲಿ ಮುಂದಿನ ದಾರಿ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಡಿಸ್ಕ್ ಬೇಕು. ಹಾಗಾಗಿ ಎರಡು ವಾರದ ಮೇಲೆ, ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಸದ್ದು, ಕೀಲಿಮಣೆ ಸರಿಯಿವೆಯೇ ನೋಡಿಕೊಂಡು, ಡೆಬಿಯನ್ ಲಿನಕ್ಸನ್ನು ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನೊಂದಿಗೆ ಹಾಕಿದೆವು. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಜಿಸಿಸಿ ಎಲ್ಲ ಸೇರಿಸಿದ ಮೇಲೂ 20 ಜಿಬಿಗಿಂತ ಹೆಚ್ಚು ಖಾಲಿ ಉಳಿಯಿತು. ಕನ್ನಡ ಟೈಪಿಸಲು ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಬೇರೆ ತಂತ್ರಾಂಶ ಹಾಕಬೇಕಿಲ್ಲ. ವಿಂಡೋಸಿಗೆಂದೇ ಬರೆದ ಲೆಕ್ಕಪತ್ರದ ತಂತ್ರಾಂಶವನ್ನೋ ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನೋ ನೆಚ್ಚಿದವರಿಗೆ ಈ ದಾರಿ ಸುಲಭವಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅವಳಿಗೆ ಅಂಥ ತೊಡಕು ಇರಲಿಲ್ಲ.

ಲಿನಕ್ಸಿಗೂ ಹಳೆಯದನ್ನು ಕೂಡಿಡುವ ಚಟವಿದೆ. ಡೆಬಿಯನ್‌ನ ತಂತ್ರಾಂಶ ಹಾಕಿಕೊಡುವ ಎಪಿಟಿಯಲ್ಲಿ ಇಳಿಸಿಕೊಂಡ ಗಂಟುಗಳು ಉಳಿದುಕೊಳ್ಳಬಹುದು, ಆಗಾಗ ‘ಕ್ಲೀನ್’ ಆಜ್ಞೆ ಕೊಡಬೇಕು. ಉಬುಂಟು ಎಂಬ ಇನ್ನೊಂದು ಲಿನಕ್ಸಿನಲ್ಲಿ ಅದೇ ಕೆಲಸದ ಸ್ನ್ಯಾಪ್ ಪ್ರತಿ ತಂತ್ರಾಂಶದ ಹಿಂದಿನ ಆವೃತ್ತಿಯನ್ನೂ ಇಟ್ಟುಕೊಂಡಿರುತ್ತದೆ. ಆದರೆ ಎಪಿಟಿಯಲ್ಲಿ ನನಗೆ ಬಹಳ ಇಷ್ಟವಾದ ಗುಣವೊಂದಿದೆ. ಏನನ್ನೇ ಹಾಕು ಎಂದರೂ ಅದು ಮೊದಲು ಲೆಕ್ಕ ಒಪ್ಪಿಸುತ್ತದೆ: ಇಷ್ಟು ಇಳಿಸಿಕೊಳ್ಳಬೇಕು, ಇಳಿಸಿದ ಮೇಲೆ ಡಿಸ್ಕಿನಲ್ಲಿ ಇಷ್ಟು ಜಾಗ ಹಿಡಿಯುತ್ತದೆ, ಮುಂದುವರಿಯಲೇ? ಹೊಸ ಆವೃತ್ತಿಯಲ್ಲಿ ನಿಮ್ಮಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ ಪಕ್ಕದಲ್ಲೇ ಹೇಳುತ್ತದೆ. ಕೇಳಿದ್ದರ ಜೊತೆ ಬೇರೆ ಗಂಟುಗಳೂ ಬೇಕಾದರೆ ಅನುಮತಿ ಕೇಳದೆ ಒಳಗೆ ಬರುವುದಿಲ್ಲ. ಆ ಹುಡುಗಿ ಈಗ ಆ ಎರಡು ಸಂಖ್ಯೆಗಳನ್ನು ಓದಿಯೇ ‘ವೈ’ ಒತ್ತುತ್ತಾಳೆ.

ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಮಕ್ಕಳಿಗೆ ತಂತ್ರಾಂಶಗಳ ಪಟ್ಟಿ ಕೊಡುವಾಗ ಪೂರ್ತಿ ಹೆಸರು ಬರೆಯಿರಿ, ಅದರ ಪಕ್ಕದಲ್ಲಿ ಎಷ್ಟು ಜಿಬಿ ಖಾಲಿ ಬೇಕು ಎಂದು ಬರೆಯಿರಿ, ಅಷ್ಟು ಜಾಗ ಇಲ್ಲದವರು ಯಾವುದನ್ನು ಬಳಸಬಹುದು ಎಂಬುದನ್ನೂ ಬರೆಯಿರಿ.